ಲಕ್ಕಣ್ಣ ತಂದ ಚೀಟಿ

“ಮೆಟ್ಲು ಮುಟ್ಬ್ಯಾಡ ಕಣೋ ಬೋಳಿಮಗನೆ. ಮೂವತ್ತು ವರ್ಷದಿಂದ ಬತ್ತಾ ಇದೀಯ, ನಿಲ್ಲೋ ಜಾಗ ಯಾವ್ದು ಅಂತ ಇನ್ನೂ ತಿಳೀಲಿಲ್ವಾ?”

ದಫೇದಾರ ಈರಭದ್ರಪ್ಪ ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದ. ಅರ್ಧ ಮುಖಕ್ಕೆ ಸೋಪಿನ ನೊರೆ ಮೆತ್ತಿತ್ತು. ಲಕ್ಕಣ್ಣ ಹಿಂದಕ್ಕೆ ಸರಿದು ಠಾಣೆಯ ಮುಂದಿನ ಬೇವಿನ ಬುಡದಲ್ಲಿ ನಿಂತ. ಒಂದು ಹರದಾರಿ ಓಡಿ ಬಂದಿದ್ದ. ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. ಹೇಳಬೇಕಾದ ಮಾತು ಗಂಟಲಲ್ಲೇ ಇತ್ತು. ಆದರೆ ಸಾಹೇಬರು ಮುಖವೆತ್ತಿ ಕೇಳುವ ತನಕ ತೋಟಿಯಾದವನು ಬಾಯಿ ಬಿಡಬಾರದು. ಅಪ್ಪ ಕಲಿಸಿದ್ದು ಅದು. ಕಾದ. ಎಡಗೆನ್ನೆ ಮುಗಿದು ಬಲಗೆನ್ನೆ ಶುರುವಾಯಿತು.

ಪಟೇಲಿಕೆಯನ್ನು ಸರ್ಕಾರ ತೆಗೆದು ಎಷ್ಟೋ ವರ್ಷವಾಗಿತ್ತು. ಊರಲ್ಲಿ ಮಾತ್ರ ಕಲ್ಲೇಶಪ್ಪ ಇನ್ನೂ ಪಟೇಲರೇ, ಲಕ್ಕಣ್ಣ ಇನ್ನೂ ತೋಟಿಯೇ. ಕಳವಾಗಲಿ, ಹೆಣ ಬೀಳಲಿ, ಪಟೇಲರು ಚೀಟಿ ಬರೆಯುವುದು, ತೋಟಿ ಅದನ್ನು ರುಮಾಲಿನ ಮಡಿಕೆಯಲ್ಲಿಟ್ಟು ಠಾಣೆಗೆ ಮುಟ್ಟಿಸುವುದು. ಚೀಟಿಯಿಲ್ಲದ ಮಾತಿಗೆ ಪೊಲೀಸರು ಎದ್ದದ್ದಿಲ್ಲ.

ಇವತ್ತು ಬೆಳಿಗ್ಗೆಯೂ ಚೀಟಿ ಕೊಟ್ಟು ಕಳಿಸಿದ್ದರು. ಗುಡ್ಡ ಹತ್ತಿ ಹಿಂತಿರುಗಿ ನೋಡಿದರೆ ಪಟೇಲರ ಕಡೆಯ ಇಪ್ಪತ್ತು ಆಳು ಮಚ್ಚು ದೊಣ್ಣೆ ಹಿಡಿದು ಕೇರಿಗೆ ಇಳಿಯುತ್ತಿತ್ತು. ಮಂತ್ರಿ ಬರುತ್ತಾರೆಂದು ಕೇರಿಯ ಗಂಡಸರೆಲ್ಲ ಕೆಮ್ಮಣ್ಣುಗುಂಡಿಯ ರಸ್ತೆಗೆ ಜಲ್ಲಿ ಹೊರಲು ಹೋಗಿದ್ದರು. ಉಳಿದವರು ಹೆಂಗಸರು. ಅವರಲ್ಲಿ ಅವನ ಸೊಸೆ ದುರ್ಗಮ್ಮ, ಸರ್ಕಾರ ಮಂಜೂರು ಮಾಡಿದ ಹೊಲಕ್ಕೆ ನೇಗಿಲು ಹೂಡಿಸಿ, ಬಿಡಾಕಿಲ್ಲ ಎಂದು ಪಟೇಲರ ಮುಖಕ್ಕೇ ಹೇಳಿದವಳು. ಎಲ್ಲರೂ ಮಾರಮ್ಮನ ಗುಡಿಯೊಳಗೆ ನುಗ್ಗಿ ಕದ ಹಾಕಿಕೊಂಡದ್ದನ್ನು ಅವನು ಗುಡ್ಡದ ಮೇಲಿಂದಲೇ ಕಂಡ. ಈ ಮುದಿ ಕೈಯಲ್ಲಿ ಹಿಂದಕ್ಕೆ ಹೋಗಿ ಮಾಡುವುದೇನು? ತಲೆಯ ಮೇಲೆ ಚೀಟಿ ಇದೆಯಲ್ಲ, ಚೀಟಿ ಇದ್ದರೆ ಪೊಲೀಸರು ಏಳುತ್ತಾರೆ ಎಂದುಕೊಂಡು ಮುಂದಕ್ಕೇ ಓಡಿದ.

“ಏನ್ಲಾ?” ಎಂದು ದಫೇದಾರ ಕೊನೆಗೆ ಮುಖ ಒರೆಸಿಕೊಂಡು ಕೇಳಿದ.

ಲಕ್ಕಣ್ಣ ಚೀಟಿಯನ್ನು ಕೈಗೆ ಕೈ ತಾಗದಂತೆ ಮೇಲಿನಿಂದ ಅವನ ಕೈಗೆ ಬಿಟ್ಟು, ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. “ಹಳೇ ಕದ ಬುದ್ಧಿ. ಹೆಚ್ಚೊತ್ತು ತಡ್ಯಾಕಿಲ್ಲ.”

ದಫೇದಾರ ಚೀಟಿ ಓದಿದ. ಮಡಿಸಿ ಜೇಬಿಗಿಟ್ಟ. “ಕುಂತ್ಕೊ” ಎಂದ.

ಮೂವತ್ತು ವರ್ಷದಲ್ಲಿ ಆ ಅಂಗಳದಲ್ಲಿ ಅವನಿಗೆ ಯಾರೂ ಕುಂತ್ಕೊ ಎಂದಿರಲಿಲ್ಲ. ಲಕ್ಕಣ್ಣ ಬೇವಿನ ಬೇರಿನ ಮೇಲೆ ಕುಕ್ಕರಿಸಿದ.

ದಫೇದಾರನ ಬೆನ್ನ ಹಿಂದೆ ನಿಂತಿದ್ದ ಪೇದೆ ನಂಜುಂಡಪ್ಪ ಆಗಲೇ ಬೆಲ್ಟು ಬಿಗಿಯುತ್ತಿದ್ದ. ಜೀಪು ಮಂತ್ರಿಯ ಬಂದೋಬಸ್ತಿಗೆ ಹೋಗಿದೆ, ಇನ್‌ಸ್ಪೆಕ್ಟರ್ ಸಾಹೇಬರ ಅಪ್ಪಣೆಯಿಲ್ಲ, ಎಲ್ಲಿಗೆ ಹೊರಟೆ ಎಂದು ದಫೇದಾರ ಗದರಿದ.

“ಸೈಕಲ್ ಐತೆ, ಬಂದೂಕ ಐತೆ ಸಾರ್. ಒಂದ್ಸಲ ಮೇಲಕ್ಕೆ ಹಾರ್ಸಿದ್ರೆ ಚದುರ್ತಾರೆ. ಕಡಿಯಾಕ್ ಬಂದವ್ರೆ ಅಂದ್ರೆ ಮೊದ್ಲು ಓಡು, ಬರೆಯೋದು ಆಮೇಲೆ ಅಂತ ಟ್ರೈನಿಂಗಲ್ಲಿ ಹೇಳ್ಕೊಟ್ಟವ್ರೆ.”

“ಹೇಳ್ಕೊಟ್ಟೋರು ಬಂದು ನಿನ್ ಹೆಂಡ್ತೀನ ಸಾಕ್ತಾರೇನೋ? ಇಪ್ಪತ್ತು ಜನದ ಮುಂದೆ ನಾವಿಬ್ರು ಹೋಗಿ ಏನ್ ಕಿಸಿಯಾದು? ಆಗೋದು ಆಗ್ಲಿ. ಆಮ್ಯಾಕೆ ಹೋಗಿ ಮಹಜರು ಬರ್ಯಾನ.”

ಬಂದೂಕು ಗೋಡೆಯ ಸರಪಳಿಯಲ್ಲಿತ್ತು. ಬೀಗದ ಕೈ ದಫೇದಾರನ ಉಡಿದಾರದಲ್ಲಿತ್ತು.

“ಚೀಟಿಯಾಗೆ ಏನ್ ಬರ್ದವ್ರೆ ಬುದ್ಧಿ?” ಎಂದು ಲಕ್ಕಣ್ಣ ಕೇಳಿದ. ತಾನು ಹೊತ್ತ ಚೀಟಿಯ ಬಗ್ಗೆ ಅವನು ಕೇಳಿದ್ದು ಅದೇ ಮೊದಲು.

ದಫೇದಾರ ಕನ್ನಡಿ ಮಡಚಿದ. ಅವನ ಹೆಗಲ ಮೇಲಿಂದ ಚೀಟಿ ಓದಿಕೊಂಡಿದ್ದ ನಂಜುಂಡಪ್ಪ ನೆಲ ನೋಡುತ್ತ ಹೇಳಿದ: “ಇವತ್ತು ಯಾರೂ ಊರ ಕಡೆ ಬರೋದು ಬ್ಯಾಡ ಅಂತ ಕಣಜ್ಜ. ಚೀಟಿ ತಂದೋನ್ನ ಸಂಜೆ ತಂಕ ಅಲ್ಲೇ ಇಟ್ಕೊಳ್ಳಿ ಅಂತ.”

ಬೆವರು ತಾಗದಿರಲೆಂದು ದಾರಿಯಲ್ಲಿ ಎರಡು ಸಲ ಅದರ ಮಡಿಕೆ ಬದಲಿಸಿದ್ದ ಲಕ್ಕಣ್ಣ. ಶ್ರಾವಣದಲ್ಲಿ ಪಟೇಲರ ಜಗಲಿಯ ಮೇಲೆ ಪುರಾಣ ಓದಿಸುತ್ತಿದ್ದರು. ಅವನು ಬೀದಿಯಲ್ಲಿ ನಿಂತು ಕೇಳುತ್ತಿದ್ದ. ತುಂಬಿದ ಸಭೆಯಲ್ಲಿ ಹೆಣ್ಣೊಬ್ಬಳು ಮೊರೆಯಿಡುವಾಗ ದೊಡ್ಡವರೆಲ್ಲ ತಲೆ ತಗ್ಗಿಸಿ ಕೂರುವ ಕಡೆ ಬಂದರೆ ಪಟೇಲರು ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದನ್ನು ಕಂಡು ಇವನೂ ಒರೆಸಿಕೊಂಡದ್ದುಂಟು.

ನಿಧಾನಕ್ಕೆ ಎದ್ದ. ಸುಸ್ತಾಗಿತ್ತು. ಬೇವಿನ ಕೊಂಬೆಗೆ ರೈಲು ಕಂಬಿಯ ತುಂಡೊಂದನ್ನು ತೂಗು ಹಾಕಿದ್ದರು. ಗಂಟೆಗೊಮ್ಮೆ ಪೊಲೀಸರು ಬಡಿದು ಪೇಟೆಗೆ ಹೊತ್ತು ತಿಳಿಸುವುದು ಅದರಿಂದಲೇ. ಬೇರೆಯವರು ಮುಟ್ಟುವಂತಿರಲಿಲ್ಲ. ಅದರ ಕಬ್ಬಿಣದ ಸಲಾಕೆಯನ್ನು ಲಕ್ಕಣ್ಣ ಎರಡೂ ಕೈಯಲ್ಲಿ ಎತ್ತಿ ಬಡಿದ.

“ಲೇ ಸೂಳೆಮಗನೆ, ಸರ್ಕಾರಿ ಗಂಟೆ ಕಣೋ ಅದು” ಎಂದು ದಫೇದಾರ ಒಂದು ಕಾಲಿಗೆ ಬೂಟು ಹಾಕಿಕೊಂಡೇ ಎದ್ದ. ನಂಜುಂಡಪ್ಪ ಮೆಟ್ಟಿಲಿಗೆ ಅಡ್ಡ ನಿಂತು, ಬೀಗದ ಕೈಗಾಗಿ ಅಂಗೈ ಚಾಚಿದ.

ಅತ್ತ ಪೇಟೆಯ ಸಂತೆಮಾಳದಲ್ಲಿ ಜನ ಅಭ್ಯಾಸಬಲದಿಂದ ಎಣಿಸಿಕೊಂಡರು. ಹತ್ತು. ಹನ್ನೊಂದು. ಹನ್ನೆರಡು. ನಿಲ್ಲಲಿಲ್ಲ. ಹದಿಮೂರಕ್ಕೆ ಮೆಣಸಿನಕಾಯಿ ತೂಗುತ್ತಿದ್ದವಳು ತಕ್ಕಡಿ ಕೆಳಗಿಟ್ಟಳು. ಹದಿನೈದಕ್ಕೆ ಎಲ್ಲರೂ ಠಾಣೆಯ ಕಡೆ ತಿರುಗಿದರು. ಗುಡ್ಡದ ಆಚೆಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಲಕ್ಕಣ್ಣನಿಗೆ ಲೆಕ್ಕವಿರಲಿಲ್ಲ. ಸಲಾಕೆ ಎತ್ತುತ್ತಿದ್ದ, ಇಳಿಸುತ್ತಿದ್ದ.