ಬಿಳಿ ಬಟ್ಟೆಯಡಿಯ ಎಂಜಿನ್

ಸೊರೊಟಿ ಪಟ್ಟಣದ ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳುವ ಅಸೆಕೆನ್ಯೆಗೆ ಅಂದು ಬೆಳಿಗ್ಗೆಯೇ ಮೈ ಉರಿದುಹೋಯಿತು. ಕೆಲಸ ಕಲಿಯಲೆಂದು ಗ್ಯಾರೇಜಿಗೆ ಹೋಗಿದ್ದ ಅಮುಗೆ ಎಂಬ ಕಡೆಯ ವರ್ಷದ ವಿದ್ಯಾರ್ಥಿನಿ ಒಂದೇ ದಿನಕ್ಕೆ ವಾಪಸು ಬಂದಿದ್ದಳು.

"ವಾಲ್ವ್ ಬಿಚ್ಚು ಅಂದ್ರು ಮೇಡಂ. ಮುಟ್ಟಿಯೇ ಗೊತ್ತಿಲ್ಲ, ಬೇಕಾದ್ರೆ ಚಿತ್ರ ಬರೀತೀನಿ ಅಂದೆ. ಬಿದ್ದು ಬಿದ್ದು ನಕ್ರು."

ಅಸೆಕೆನ್ಯೆ ಸೀದಾ ಪ್ರಿನ್ಸಿಪಾಲ್ ಒಕಿರೋರ್ ಕೋಣೆಗೆ ನುಗ್ಗಿದಳು. ಯಾರೋ ದಾನ ಕೊಟ್ಟ ಹೊಚ್ಚಹೊಸ ಪೆಟ್ರೋಲ್ ಎಂಜಿನ್ ನಾಲ್ಕು ವರ್ಷದಿಂದ ಬೀಗದ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತಿತ್ತು. ದೊಡ್ಡವರು ಬಂದಾಗ ಮಾತ್ರ ಬಟ್ಟೆ ಸರಿಯುತ್ತಿತ್ತು.

"ಕೀಲಿ ಕೊಡಿ ಸರ್."

"ಮುಂದಿನ ತಿಂಗಳು ಅತಿಥಿಗಳು ಬರ್ತಾರಮ್ಮ. ಹುಡುಗರು ಕೈ ಹಾಕಿದ್ರೆ ಹಾಳಾಗುತ್ತೆ."

"ಹುಡುಗರು ಹಾಳಾದ್ರೆ ಪರವಾಗಿಲ್ವಾ?"

"ಸ್ವಲ್ಪ ದನಿ ತಗ್ಗಿಸಿ ಮಾತಾಡಿ."

ಅವಳು ತಗ್ಗಿಸಲಿಲ್ಲ. ಹಾರೆ ತಂದು ಬೀಗ ಮುರಿದಳು. ಎಂಜಿನ್ ತಿರುಗಿಸಲು ನೋಡಿದರೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹುಡುಗರ ಕೈಯಿಂದ ಮೇಲ್ಭಾಗ ಬಿಚ್ಚಿಸಿದಳು. ಸೂರಿನ ತಗಡಿಂದ ಸೋರಿದ ನೀರು ಒಳಗಿಳಿದು, ಪಿಸ್ಟನ್‌ಗಳೆಲ್ಲ ಕೆಂಪು ತುಕ್ಕಿನಲ್ಲಿ ಕಚ್ಚಿಕೊಂಡಿದ್ದವು.

ಓಡಿ ಬಂದ ಒಕಿರೋರ್ ಇಣುಕಿ ನೋಡಿದರು.

"ನೋಡಿ ಸರ್, ನೀವು ಜೋಪಾನ ಮಾಡಿದ್ದು!" ಅಸೆಕೆನ್ಯೆ ಪಿಸ್ಟನ್‌ಗಳತ್ತ ಬೆರಳು ಮಾಡಿದಳು. "ಇದಕ್ಕಿಂತ ಈ ಹುಡುಗರ ಕೈಯಲ್ಲೇ ಸಾಯಬಹುದಿತ್ತಲ್ಲ!"

ಸಂಜೆಯೊಳಗೆ ಅವಳನ್ನು ಅಮಾನತು ಮಾಡಿದ ಕಾಗದ ಬಂತು. ಆದರೂ ಅವಳು ದಿನಾ ಬಂದಳು. ತುಕ್ಕನ್ನು ಎಲ್ಲರೂ ಕಂಡಿದ್ದರಿಂದ ಒಕಿರೋರ್ ಅವಳನ್ನು ತಡೆಯಲು ಹೋಗಲಿಲ್ಲ. ಅವಳೂ ಹುಡುಗರೂ ಸೇರಿ ಸೀಮೆಎಣ್ಣೆ ಸುರಿದು ನೆನೆಸಿದರು, ಉಜ್ಜಿದರು. ಅಣಬೆಯಂಥ ವಾಲ್ವ್‌ಗಳನ್ನು ಅಮುಗೆ ಒಂದೊಂದಾಗಿ ಕೈಗೆತ್ತಿಕೊಂಡು ತುಕ್ಕು ಕೆರೆದಳು. ಪಿಸ್ಟನ್ ಇಳಿಯುವಾಗ ಗಾಳಿ, ಪೆಟ್ರೋಲ್ ಒಳಗೆ. ಏರುವಾಗ ಅದನ್ನು ಒತ್ತುವುದು. ಕಿಡಿ ತಾಗಿ ಸಿಡಿದಾಗ ಮತ್ತೆ ಕೆಳಕ್ಕೆ ದಬ್ಬುವುದು. ಕಡೆಗೆ ಹೊಗೆ ಹೊರಕ್ಕೆ. ಕೈಯಲ್ಲೇ ತಿರುಗಿಸುತ್ತ ಎಲ್ಲರೂ ಕಲಿತರು. ಹದಿನೈದನೇ ದಿನ ಎಂಜಿನ್ ಕೆಮ್ಮಿ, ಉಗುಳಿ, ಗುಡುಗಿತು. ಹುಡುಗರು ಕುಣಿದರು.

ಅಮುಗೆ ಕುಣಿಯಲಿಲ್ಲ. ಹೊಗೆಕೊಳವೆಯ ಹತ್ತಿರ ಕೈ ಹಿಡಿದು, ಬಿಸಿಗೆ ಚುರ್ರೆಂದು ಹಿಂತೆಗೆದಳು.

"ಇಷ್ಟೊಂದು ಶಾಖ ಸುಮ್ನೆ ಗಾಳಿಗಾ ಮೇಡಂ? ಗಾಲಿಗೆ ಹೋಗೋದೆಷ್ಟು?"

"ಕಾಲು ಭಾಗ. ಬಹಳ ಅಂದ್ರೆ ಮೂರರಲ್ಲಿ ಒಂದು."

"ನೂರು ವರ್ಷದಿಂದ ಇದೇ ಕತೆನಾ? ಯಾರಿಗೂ ಸಿಟ್ಟು ಬರಲಿಲ್ವಾ?"

"ಬಂದಿದೆ. ಒಳಗಿನ ಗಾಳಿ, ಪೆಟ್ರೋಲನ್ನ ಇನ್ನೂ ಬಿಗಿಯಾಗಿ ಒತ್ತಿ ನೋಡಿದ್ದಾರೆ, ಹೊರಹೋಗೋ ಹೊಗೆಯಿಂದಲೇ ಪುಟ್ಟ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿದ್ದಾರೆ. ಅಷ್ಟಾದರೂ ಸಾಲದು."

"ಹಾಗಾದ್ರೆ ಎಂಜಿನ್ ಆರಿಸಿ. ಮತ್ತೆ ಬಿಚ್ಚಿ ದಾರಿ ಹುಡುಕೋಣ," ಅಂದಳು ಅಮುಗೆ, ಮುಖ ಗಂಟಿಕ್ಕಿಕೊಂಡೇ.