ನಡುನೆತ್ತಿಯ ಪ್ರಶ್ನೆ

ಮೈಕಿನಲ್ಲಿ "ತಪ್ಪು" ಎಂದು ಕೇಳಿದೊಡನೆ ಅಲ್ಫಿಯಾಳ ಕಿವಿ ಕಾದು ಹೋದವು.

ತಾಲ್ಲೂಕು ಮಟ್ಟದ ವಿಜ್ಞಾನ ರಸಪ್ರಶ್ನೆ. ಹಿರೇವಡ್ಡಟ್ಟಿಯಿಂದ ಬಂದಿದ್ದ ಒಂಬತ್ತನೇ ತರಗತಿಯ ಅಲ್ಫಿಯಾಳೂ ಮುಂಡರಗಿಯ ಶೀತಲ್ ಎಂಬ ಹುಡುಗಿಯೂ ಸಮ ಅಂಕದಲ್ಲಿ ನಿಂತಿದ್ದರು. ಕೊನೆಯ ಪ್ರಶ್ನೆಯನ್ನು ತೀರ್ಪುಗಾರ ಸಕ್ರಪ್ಪನವರು ಹಾಳೆ ನೋಡಿ ಓದಿದ್ದರು: "ನಮ್ಮ ಊರಿನಲ್ಲಿ ಸೂರ್ಯ ಸರಿಯಾಗಿ ನಡುನೆತ್ತಿಯ ಮೇಲೆ ಬರುವುದು ಯಾವಾಗ?"

"ವರ್ಷಕ್ಕ ಎರಡ ದಿವಸರಿ. ಮೇ ಸುರುವಿಗೆ ಒಮ್ಮೆ, ಆಗಸ್ಟ್‌ದಾಗ ಒಮ್ಮೆ," ಎಂದಿದ್ದಳು ಅಲ್ಫಿಯಾ.

ಅವರ ಹಾಳೆಯಲ್ಲಿದ್ದ ಉತ್ತರ, ದಿನಾಲೂ ಮಧ್ಯಾಹ್ನ. ಶೀತಲ್ ಹಾಗೆಯೇ ಹೇಳಿದಳು, ಚಪ್ಪಾಳೆ ಬಿತ್ತು.

ಅಲ್ಫಿಯಾ ಕೂರಲಿಲ್ಲ. "ಸರ್, ಜೂನ್‌ನಿಂದ ವಾರಕ್ಕೊಮ್ಮೆ ಮಧ್ಯಾಹ್ನ ಶಾಲಿ ಅಂಗಳದಾಗ ಕೋಲು ನಿಂದ್ರಿಸಿ ನೆರಳು ಅಳದೇನ್ರಿ. ಮೊದಲು ದಕ್ಷಿಣಕ್ಕ ಬೀಳತಿತ್ತು. ಆಗಸ್ಟ್‌ದಾಗ ಒಂದಿನ ಇಲ್ಲದಂಗಾತು. ಆಮ್ಯಾಲೆ ಉತ್ತರಕ್ಕ ಹೊಳ್ಳೇತಿ."

"ನನಗ ಕಲಿಸಾಕ ಬಂದೀಯೇನು? ಹಾಳ್ಯಾಗ ಏನೈತೋ ಅದ ಉತ್ತರ. ಕೂಡು."

"ಇದು ಡಿಸೆಂಬರ್ ಐತ್ರಿ. ಈಗ ಹನ್ನೆರಡೂ ಇಪ್ಪತ್ತು, ನೆರಳು ಅಗದಿ ಗಿಡ್ಡ ಆಗೋ ಹೊತ್ತು. ಹೊರಗ ಬಂದು ನೀವ ನೋಡ್ರಿ. ಹತ್ತು ಹೆಜ್ಜಿ ಅಷ್ಟ."

ಅವರು ಏಳಲಿಲ್ಲ. ಉತ್ತರ ತಪ್ಪೆಂದದ್ದಕ್ಕಿಂತ ಅವರು ಏಳದೆ ಕೂತದ್ದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು. ಬಾಗಿಲು ತೆರೆದಿತ್ತು, ಬಿಸಿಲು ಹೊಸ್ತಿಲ ತನಕ ಬಂದು ನಿಂತಿತ್ತು. ಸೂರ್ಯನ ವಿಷಯ ಮಾತಾಡುವವರಿಗೆ ಸೂರ್ಯನನ್ನು ನೋಡಲು ಇಷ್ಟೊಂದು ಬೇಸರವೇ?

ಅವಳು ಕರಿಹಲಗೆಯ ಬಳಿ ಇದ್ದ ಮೀಟರ್ ಪಟ್ಟಿ ಎತ್ತಿಕೊಂಡು ಹೊರಗೆ ನಡೆದೇಬಿಟ್ಟಳು. ಅವಳನ್ನು ಕರೆತಂದಿದ್ದ ಗುಲ್ನಾಜ ಟೀಚರ್ ಹಿಂದೆಯೇ ಬಂದು ಪಟ್ಟಿಯನ್ನು ನೆಟ್ಟಗೆ ಹಿಡಿದು ನಿಂತರು. ಮಕ್ಕಳೆಲ್ಲ ಸುತ್ತುಗಟ್ಟಿದರು. ಉತ್ತರಕ್ಕೆ ಚಾಚಿದ ನೆರಳನ್ನು ಟೇಪು ಹಿಡಿದು ಅಳೆದವಳು ಶೀತಲ್.

"ಎಂಬತ್ತು ಸೆಂಟಿಮೀಟರ್!" ಎಂದವಳೇ ಒಳಗೆ ಓಡಿದಳು. "ಸರ್, ಆಕಿ ಹೇಳಿದ್ದು ಖರೆ ಐತ್ರಿ. ಸೂರ್ಯ ನೆತ್ತಿ ಮ್ಯಾಲೆ ಇಲ್ಲ."

"ಯಾಕ, ಕಪ್ ಬ್ಯಾಡೇನು ನಿನಗ?" ಎಂದರು ಸಕ್ರಪ್ಪನವರು. ಕೆಲವರು ನಕ್ಕರು. ಶೀತಲ್ ತಲೆ ತಗ್ಗಿಸಿ ಕಪ್ ತೆಗೆದುಕೊಂಡಳು. ಅಲ್ಫಿಯಾಳಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಆದರೆ ತನ್ನ ಹೆಸರು ಕೂಗಿ ಎರಡನೇ ಸ್ಥಾನದ ಪ್ರಮಾಣಪತ್ರ ಚಾಚಿದಾಗ ಕೈ ಮುಂದೆ ಮಾಡಲಿಲ್ಲ.

"ಬ್ಯಾಡ್ರಿ. ನಾ ಎರಡನೇದಾಕಿ ಅಲ್ಲ."

ಬಸ್ಸಿನಲ್ಲಿ ಗುಲ್ನಾಜ ಟೀಚರ್, "ಹೋಗ್ಲಿ ಬಿಡವಾ, ಮುಂದಿನ ವರ್ಷ ನೋಡೋಣು," ಎಂದರು.

"ಮುಂದಿನ ವರ್ಷಾನೂ ಅದ ಹಾಳಿ ಓದತಾರ್ರಿ ಅವ್ರು. ಇವತ್ತ ಬರಿಯೋಣ್ರಿ."

ಟೀಚರ್ ಚೀಲದಿಂದ ಹಾಳೆ ತೆಗೆದುಕೊಟ್ಟರು. ದಿನಾಂಕ, ಹೊತ್ತು, ಪಟ್ಟಿಯ ಉದ್ದ, ನೆರಳಿನ ಉದ್ದ, ಎಲ್ಲ ಬರೆದು ಇಬ್ಬರೂ ಸಹಿ ಹಾಕಿ ಸಂಘಟಕರಿಗೆ ಕಳಿಸಿದರು.

ತಿಂಗಳಾದ ಮೇಲೆ ಉತ್ತರ ಬಂತು, ಒಂದೇ ಸಾಲು: ತೀರ್ಪುಗಾರರ ತೀರ್ಮಾನವೇ ಅಂತಿಮ.

ಅಲ್ಫಿಯಾ ಅದನ್ನು ಎರಡು ಸಲ ಓದಿದಳು. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಂಡಳು.

"ಟೀಚರ್, ಇವರ ಮ್ಯಾಲಿನವರು ಯಾರ್ರಿ? ಅವರ ವಿಳಾಸ ಕೊಡ್ರಿ."