ಮೂರನೇ ಸಾಲಿನ ನಿಲುಗಡೆ

ಮತ್ತೆ ನಿಂತರು, ಗೋಡೆಯಾಚೆ ಕ್ವಾಯರಿನವರು ಮೂರನೇ ಸಾಲಿನ ನಡುವೆ ನಿಂತರು, ಒಂದು, ಎರಡು, ಮೂರು, ನಾಲ್ಕು, ಈಗ ಬಿಟ್ಟರು, ಹಾಡು ಮುಂದೆ ಹೋಯಿತು — ಮೇಷ್ಟ್ರ ಮನಸ್ಸು ಮಾತ್ರ ಅಲ್ಲೇ ಕೂತಿದೆ, ಕೈಯಲ್ಲಿ ಕೆಂಪು ಪೆನ್ನು, ಮುಂದೆ ಸ್ತುತಿಗೀತೆಗಳ ಹೊಸ ಮುದ್ರಣದ ಪ್ರೂಫು, ಪುಟ ನೂರಾ ಹನ್ನೆರಡು, ಸ್ವರದ ನೆತ್ತಿಯ ಮೇಲೊಂದು ಅರ್ಧಚಂದ್ರ, ಅದರೊಳಗೊಂದು ಚುಕ್ಕೆ, ಇಲ್ಲಿ ನಿಲ್ಲಿ ಎನ್ನುವ ಗುರುತು, ಮೂವತ್ತೆಂಟು ವರ್ಷದ ಹಿಂದೆ ಅವರೇ ಹಾಕಿದ್ದು. ಶಿಷ್ಯೆ ಆಗಲೇ ಎರಡು ಸಲ ಇಣುಕಿ ಹೋದಳು, ಸರ್, ಪ್ರೆಸ್ಸಿನವರು ಬರೋ ಹೊತ್ತಾಯ್ತು, ಒಂದು ಸಹಿ ಹಾಕ್ಬಿಡಿ — ಸಹಿ ಏನು ಮಹಾ, ಆದರೆ ಈ ಗುರುತಿನ ಮೇಲೆ ತಾನೇ ಅವರ ಡಾಕ್ಟರೇಟು ನಿಂತಿರುವುದು, ಹಳೆಯ ಸಭೆಗಳು ಹಾಡಿನ ನಡುವೆ ದೇವರ ಮುಂದೆ ಮೌನವಾಗುತ್ತಿದ್ದ ಬಗೆ ಅಂತ ಮುನ್ನೂರು ಪುಟ, ಆಮೇಲೆ ಕೆಲಸ, ಈ ಕೋಣೆ, ಈ ಪಿಯಾನೊ, ಹೋದಲ್ಲೆಲ್ಲ ಶಾಲು. ಹಾಡು ಕೊಟ್ಟವಳು ಸೋದರತ್ತೆ, ಅಕ್ಷರ ಬಾರದವಳು, ಅವಳಮ್ಮನ ಬಾಯಿಂದ ಕಲಿತಿದ್ದು, ಎಲ್ಲೂ ಬರೆದಿರಲಿಲ್ಲ, ಅಡುಗೆಮನೆಯ ಸ್ಟೂಲಿನ ಮೇಲೆ ರೆಕಾರ್ಡರು, ಇವರ ಕಿವಿಗೆ ಹೆಡ್‌ಫೋನು, ಕಣ್ಣೆಲ್ಲ ದನಿಯ ಏರಿಳಿತ ತೋರಿಸುವ ಯಂತ್ರದ ಮುಳ್ಳಿನ ಮೇಲೆ, ಮುಳ್ಳು ಬಿತ್ತು, ನಾಲ್ಕು ಎಣಿಸುವಷ್ಟು ಹೊತ್ತು ಬಿದ್ದೇ ಇತ್ತು, ಆಹಾ ಎಂಥ ಮೌನ ಅಂತ ಮೈ ಜುಮ್ಮೆಂದಿತ್ತು — ಒಂದು ಸಲ ತಲೆಯೆತ್ತಿ ನೋಡಬಾರದಿತ್ತೇ, ಪೆದ್ದ. ಹೋದ ವಾರ ಗ್ರಂಥಾಲಯದವರು ಹಳೇ ಟೇಪಿನ ಗರಗರ ತೆಗೆದು ಕಳಿಸಿದರು, ಆ ಮೌನದೊಳಗೆ ಸುಂಯ್ ಅಂತೊಂದು ಸದ್ದು, ಪಾತ್ರೆ ಇಳಿಸಿದ ಸದ್ದು, ಅತ್ತೆಯ ಪಿಸುದನಿ, ಅಯ್ಯೋ ಹಾಲು. ಅಷ್ಟೇ, ಉಕ್ಕೋ ಹಾಲು ಇಳಿಸೋಕೆ ಅತ್ತೆ ಎದ್ದಿದ್ದಳು.

ಮೊದಲು ನಗುವೇ ಬಂದಿತ್ತು, ಒಬ್ಬರೇ ಕೂತು ಕಣ್ಣಲ್ಲಿ ನೀರು ಬರೋವರೆಗೆ ನಕ್ಕರು, ಆಮೇಲೆ ಆ ಭಾನುವಾರ ನೆನಪಾಯಿತು, ಇವರ ಗುರುತಿದ್ದ ಹಾಡಿನ ಪುಸ್ತಕ ಚರ್ಚಿಗೆ ಬಂದ ಮೊದಲ ಭಾನುವಾರ, ಪಕ್ಕದಲ್ಲೇ ಅತ್ತೆ, ಮೂರನೇ ಸಾಲಿಗೆ ಚರ್ಚಿಗೆ ಚರ್ಚೇ ನಿಂತಿತು, ಅವಳೊಬ್ಬಳ ದನಿ ಮುಂದೆ ಹೋಯಿತು, ಜನ ತಿರುಗಿ ನೋಡಿದರು, ಇವರು ಅವಳ ತೋಳು ಅದುಮಿದರು, ಸುಮ್ನಿರು ಅತ್ತೆ, ಪುಸ್ತಕದಲ್ಲಿ ಹೀಗೇ ಇದೆ. ಇಲ್ಲಿ ನಿಲ್ಲಲ್ಲ ಕಣೋ, ನಮ್ಮಮ್ಮ ನಿಲ್ತಾ ಇರ್ಲಿಲ್ಲ. ನಿನಗೆ ಗೊತ್ತಾಗಲ್ಲ, ಟೇಪಲ್ಲಿ ನೀನೇ ನಿಂತಿದೀಯ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅಂತ ಇವರನ್ನು ಸದಾ ರೇಗಿಸುತ್ತಿದ್ದವಳು ಅವತ್ತು ಮೆಟ್ಟಿಲಿಳಿಯುತ್ತ, ಹೌದೇನೋ, ನಾನೇ ಮರೆತಿರ್ಬೇಕು ಬಿಡು, ಓದಿದವನು ನೀನು, ಅಂದಳು. ಮುಂದಿನ ವಾರದಿಂದ ಅವಳೂ ನಿಂತಳು, ತಪ್ಪಬಾರದು ಅಂತ ಬೆರಳು ಮಡಚಿ ಎಣಿಸುತ್ತಿದ್ದಳು, ಹನ್ನೊಂದು ವರ್ಷ, ಕೊನೆಗೆ ಆಸ್ಪತ್ರೆಯ ಮಂಚದಲ್ಲೂ, ಬಿಳಿ ಹೊದಿಕೆಯ ಮೇಲೆ ಬೆರಳು ಒಂದೊಂದೇ ಮಡಚಿಕೊಳ್ಳುತ್ತಿತ್ತು, ಅಮ್ಮನ ಹಾಡನ್ನೇ ಮರೆತವಳು ನಾನು ಅಂದುಕೊಂಡೇ ಹೋದಳು, ಇವರು ಪಕ್ಕದಲ್ಲಿ ಕೂತು ತಾಳ ಸರಿಯಾಗಿದೆ ಅಂತ ಮೆಚ್ಚಿದ್ದರು, ಥೂ. ಗುರುತು ಹಾಗೇ ಬಿಟ್ಟರೆ ಯಾರಿಗೆ ಗೊತ್ತಾಗುತ್ತೆ, ಜನಕ್ಕೂ ಆ ಮೌನ ಇಷ್ಟ, ಹೆಂಡತಿಯನ್ನು ಮಣ್ಣು ಮಾಡಿದ ದಿನ ಇವರೇ ಆ ನಾಲ್ಕು ಎಣಿಕೆಯಲ್ಲಿ ಬಿಕ್ಕಿ ಹಗುರಾಗಿದ್ದರು, ಸುಳ್ಳಿನೊಳಗೂ ಅಳುವುದಕ್ಕೆ ಜಾಗವಿತ್ತು — ಇತ್ತು, ಆದರೆ ಅತ್ತೆಗೆ ಎಲ್ಲಿತ್ತು ಜಾಗ. ಪೆನ್ನು ಅರ್ಧಚಂದ್ರದ ಮೇಲೆ ಅಡ್ಡ ಹೋಯಿತು, ಪಕ್ಕದಲ್ಲಿ ಬರೆದರು, ಇಲ್ಲಿ ನಿಲ್ಲಬಾರದು, ಹಾಡಿದವಳು ಸರಿಯಾಗಿಯೇ ಹಾಡಿದ್ದಳು, ತಪ್ಪು ನನ್ನದು, ಕೆಳಗೆ ಸಹಿ. ಆಯ್ತಾ ಸರ್. ಆಯ್ತಮ್ಮ, ಓದಿಕೊಂಡು ಕಳಿಸು. ಗೋಡೆಯಾಚೆ ಮತ್ತೆ ಮೊದಲಿಂದ ಶುರುಮಾಡಿದ್ದಾರೆ, ಅವರಿಗಿನ್ನೂ ಗೊತ್ತಿಲ್ಲ, ಎರಡನೇ ಸಾಲು, ಮೂರನೇ ಸಾಲು ಬಂತು, ನಿಂತರು — ಒಂದು, ಹೊದಿಕೆಯ ಮೇಲೆ ಬೆರಳು, ಎರಡು, ಬೆರಳು, ಮೂರು, ಬಿಳಿ ಹೊದಿಕೆಯ ಮೇಲೆ ಅತ್ತೆಯ ಬೆರಳು